ದೀಪ ಹಿಡಿದು ಹುಡುಕಬಾರದ ವಸ್ತು

ಕತ್ತಲಲ್ಲಿ ಏನಾದರೂ ಕಳೆದುಹೋದರೆ ದೀಪ ಹಿಡಿದು ಹುಡುಕುವುದು ಮನುಷ್ಯನ ಸಹಜ ಸ್ವಭಾವ. ಒಳ್ಳೆಯವನೊಬ್ಬನನ್ನು ಹೊಗಳಬೇಕಾದಾಗಲೂ ನಾವು, ದೀಪ ಹಿಡಿದು ಹುಡುಕಿದರೂ ಇಂಥವನು ಸಿಗಲಾರನು ಎನ್ನುತ್ತೇವೆ. ಆದರೆ ದೀಪ ಹಿಡಿದು ಹುಡುಕಿದರೆ ಖಂಡಿತವಾಗಿ ಸಿಗುವ, ಸಿಕ್ಕ ಗಳಿಗೆಯಲ್ಲಿಯೇ ಹುಡುಕಿದವನನ್ನು ಮುಗಿಸಿಬಿಡುವ ವಸ್ತುವೊಂದುಂಟು. ಅದು ಸೋರಿದ ಅನಿಲ. ಅದನ್ನು ದೀಪವಿಲ್ಲದೆ ಹುಡುಕುವುದನ್ನು ಕಲಿಯಲು ಮನುಷ್ಯನಿಗೆ ನೂರಾರು ವರ್ಷ ಬೇಕಾಯಿತು. ಈ ಕಲಿಕೆಯ ಕಥೆಯನ್ನು ಇಂದು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ. ಕಥೆ ಆರಂಭವಾಗುವುದು ಇಂಗ್ಲೆಂಡಿನ ಗಣಿಗಳಲ್ಲಿ. ಅದು ಬಂದು ನಿಲ್ಲುವುದು ಪಶ್ಚಿಮದ ದೇಶಗಳಲ್ಲಿ ಜನರು ರಜೆಯ ದಿನಗಳನ್ನು ಕಳೆಯುವ ಕ್ಯಾಂಪರ್ ವ್ಯಾನ್ ಎಂಬ ಪುಟ್ಟ ಗಾಲಿಮನೆಯಲ್ಲಿ. ಗಣಿಗೂ ಗಾಲಿಮನೆಗೂ ಏನು ಸಂಬಂಧ ಎಂದು ತಾವು ಕೇಳಬಹುದು. ಎರಡೂ ಇಕ್ಕಟ್ಟಾದ ಜಾಗಗಳು. ಎರಡರಲ್ಲಿಯೂ ಮನುಷ್ಯನು ಬೆಂಕಿಯನ್ನು ಮಗ್ಗುಲಲ್ಲಿಟ್ಟುಕೊಂಡೇ ಬಾಳಬೇಕು.

ಕಲ್ಲಿದ್ದಲಿನ ಪದರಗಳಲ್ಲಿ ಮೀಥೇನ್ ಎಂಬ ಅನಿಲ ಅಡಗಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಗಿಂತ ಹಗುರವಾದ ಕಾರಣ ಅದು ಸುರಂಗದ ಮಾಡಿಗೆ ಹೋಗಿ ಅಂಟಿಕೊಂಡು ನಿಲ್ಲುತ್ತದೆ. ಹಿಂದಿನ ಕಾಲದ ಗಣಿಗಳಲ್ಲಿ ಇದನ್ನು ನಿವಾರಿಸಲು ಒಬ್ಬ ಮನುಷ್ಯನನ್ನೇ ನೇಮಿಸುತ್ತಿದ್ದರು. ಬೆಳಗಿನ ಪಾಳಿಯವರು ಇಳಿಯುವ ಮೊದಲು ಅವನು ಒದ್ದೆ ಬಟ್ಟೆಯನ್ನು ಹೊದ್ದು, ಉದ್ದನೆಯ ಕೋಲಿನ ತುದಿಗೆ ಉರಿಯುವ ಮೇಣದ ಬತ್ತಿಯನ್ನು ಸಿಕ್ಕಿಸಿಕೊಂಡು, ನೆಲದ ಮೇಲೆ ತೆವಳುತ್ತ ಮುಂದೆ ಸಾಗಿ, ಬತ್ತಿಯನ್ನು ಮಾಡಿನತ್ತ ಎತ್ತುತ್ತಿದ್ದನು. ಅನಿಲವಿದ್ದರೆ ತಲೆಯ ಮೇಲೆ ಜ್ವಾಲೆ ಹರಿದುಹೋಗುತ್ತಿತ್ತು. ಇವನು ಮುಖವನ್ನು ನೆಲಕ್ಕೊತ್ತಿ ಮಲಗಿಬಿಡುತ್ತಿದ್ದನು. ಫ್ರಾನ್ಸಿನಲ್ಲಿ, ಕುಲಾವಿಯ ನಿಲುವಂಗಿ ತೊಟ್ಟ ಸಂನ್ಯಾಸಿಯಂತೆ ಕಾಣುತ್ತಿದ್ದ ಇವನಿಗೆ ಪ್ರಾಯಶ್ಚಿತ್ತ ಮಾಡಿಕೊಳ್ಳುವವನು ಎಂಬ ಅರ್ಥದ ಹೆಸರೇ ಬಂದಿತ್ತು. ಯಾವ ಪಾಪಕ್ಕೆ ಈ ಪ್ರಾಯಶ್ಚಿತ್ತವೋ ತಿಳಿಯದು. ಕಲ್ಲಿದ್ದಲಿಗೆ ಆಸೆಪಟ್ಟವರಂತೂ ಬೇರೆ ಜನ.

1812ನೆಯ ಮೇ 25ರಂದು ಉತ್ತರ ಇಂಗ್ಲೆಂಡಿನ ಫೆಲಿಂಗ್ ಎಂಬಲ್ಲಿಯ ಗಣಿಯಲ್ಲಿ ಸ್ಫೋಟವಾಗಿ 92 ಮಂದಿ, ದೊಡ್ಡವರೂ ಹುಡುಗರೂ, ಸತ್ತರು. ಈ ದುರಂತದ ನೆರಳಿನಲ್ಲಿಯೇ ಸರ್ ಹಂಫ್ರಿ ಡೇವಿಯವರು 1815ರಲ್ಲಿ ತಮ್ಮ ಪ್ರಸಿದ್ಧವಾದ ಸುರಕ್ಷಾ ದೀಪವನ್ನು ರಚಿಸಿದರು. ಅದೇ ವರ್ಷ ಜಾರ್ಜ್ ಸ್ಟೀಫನ್‌ಸನ್ ಕೂಡ ಬೇರೊಂದು ಬಗೆಯ ದೀಪವನ್ನು ಮಾಡಿದ್ದರು. ಯಾರು ಮೊದಲು ಎಂಬ ಜಗಳ ಬಹುಕಾಲ ನಡೆಯಿತು. ಆ ಜಗಳ ನಮಗೆ ಬೇಡ. ಡೇವಿಯವರ ಉಪಾಯ ಬಲು ಸರಳ. ಜ್ವಾಲೆಯ ಸುತ್ತ ಸಣ್ಣ ಕಣ್ಣಿನ ತಂತಿಬಲೆಯನ್ನು ಸುತ್ತಿದರು. ಗಾಳಿ ಬಲೆಯೊಳಗೆ ಬರುತ್ತದೆ. ಆದರೆ ಜ್ವಾಲೆಯ ಶಾಖವನ್ನು ಬಲೆಯ ಲೋಹ ಹೀರಿಕೊಳ್ಳುವುದರಿಂದ ಬೆಂಕಿ ಹೊರಕ್ಕೆ ದಾಟಲಾರದು.

ನಮ್ಮ ಕಥೆಗೆ ಮುಖ್ಯವಾದದ್ದು ಈ ದೀಪ ಕೊಟ್ಟ ಬೆಳಕಲ್ಲ. ಅದರ ಬೆಳಕು ತೀರ ಮಂದವೆಂದು ಗಣಿಯವರು ಗೊಣಗುತ್ತಲೇ ಇದ್ದರು. ಮುಖ್ಯವಾದದ್ದು ಅದರ ಇನ್ನೊಂದು ಗುಣ. ಗಾಳಿಯಲ್ಲಿ ಮೀಥೇನ್ ಬೆರೆತಾಗ ದೀಪದ ಕುಡಿಯ ಮೇಲೆ ಮಸುಕಾದ ನೀಲಿಯ ಟೊಪ್ಪಿಗೆಯೊಂದು ಮೂಡುತ್ತಿತ್ತು. ಅನಿಲ ಹೆಚ್ಚಿದಂತೆ ಟೊಪ್ಪಿಗೆ ಬೆಳೆಯುತ್ತಿತ್ತು. ನುರಿತವನು ಕುಡಿಯನ್ನು ತಗ್ಗಿಸಿ, ಆ ನೀಲಿಯ ಎತ್ತರವನ್ನು ನೋಡಿಯೇ ಅನಿಲ ನೂರಕ್ಕೆ ಎಷ್ಟಿದೆ ಎಂದು ಅಂದಾಜು ಹೇಳಬಲ್ಲವನಾದನು. ಹುಡುಕುವ ಬೆಂಕಿಗೆ ಪಂಜರ ಹಾಕಿದ್ದೇ ಮೊದಲನೆಯ ಹೆಜ್ಜೆ. ಬೆಂಕಿಯನ್ನು ಕೈಬಿಟ್ಟದ್ದಲ್ಲ, ಪಂಜರದಲ್ಲಿಟ್ಟದ್ದು. ಬಲೆ ಒಂದು ಕಡೆ ಹರಿದರೆ ಸಾಕು, ದೀಪ ಮತ್ತೆ ಹಳೆಯ ಮೇಣದ ಬತ್ತಿಯೇ. ಅದಲ್ಲದೆ, ದೀಪವಿದೆಯೆಂಬ ಧೈರ್ಯದಿಂದ ಗಣಿಯೊಡೆಯರು ಮೊದಲು ಹೋಗದಿದ್ದ ಆಳಕ್ಕೆ ಜನರನ್ನು ಇಳಿಸಿದರೆಂದೂ, ಸಾವುಗಳು ಕೂಡಲೇ ಇಳಿಯಲಿಲ್ಲವೆಂದೂ ಇತಿಹಾಸಕಾರರು ಹೇಳುತ್ತಾರೆ.

ಆ ಶತಮಾನದ ಕೊನೆಗೆ ಪಂಜರದೊಳಗೆ ಹಕ್ಕಿ ಬಂದಿತು. ಜಾನ್ ಸ್ಕಾಟ್ ಹಾಲ್ಡೇನ್ ಎಂಬ ಶರೀರವಿಜ್ಞಾನಿ, ಗಣಿಸ್ಫೋಟಗಳಲ್ಲಿ ಬಹುಮಂದಿ ಸಾಯುವುದು ಬೆಂಕಿಯಿಂದಲ್ಲ, ಅದರ ಬೆನ್ನಿಗೆ ಹುಟ್ಟುವ ಕಾರ್ಬನ್ ಮಾನಾಕ್ಸೈಡಿನಿಂದ ಎಂಬುದನ್ನು 1890ರ ದಶಕದಲ್ಲಿ ತೋರಿಸಿದರು. ಪುಟ್ಟ ಪ್ರಾಣಿಗಳು ಈ ವಿಷಕ್ಕೆ ಮನುಷ್ಯನಿಗಿಂತ ಬೇಗ ಈಡಾಗುತ್ತವೆ. ಅವರ ಸಲಹೆಯಂತೆ ಕೆನರಿ ಹಕ್ಕಿಗಳು ಗಣಿಗಿಳಿದವು. ಹಕ್ಕಿ ಕೋಲಿನಿಂದ ಕೆಳಗೆ ಬಿದ್ದರೆ ಮನುಷ್ಯನು ಹೊರಕ್ಕೆ ಓಡಬೇಕು. ಕೆಲವು ಪಂಜರಗಳಿಗೆ ಆಮ್ಲಜನಕದ ಸಣ್ಣ ಸೀಸೆಯನ್ನೂ ಜೋಡಿಸುತ್ತಿದ್ದರು. ಬಿದ್ದ ಹಕ್ಕಿಯನ್ನು ಬದುಕಿಸಿಕೊಳ್ಳಲು. ಇಡೀ ಈ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ವಸ್ತು ಆ ಸೀಸೆ. ಬ್ರಿಟನ್ನಿನ ಗಣಿಗಳಿಂದ ಕೆನರಿಗಳಿಗೆ ಬಿಡುಗಡೆಯಾದದ್ದು 1986ರಲ್ಲಿ.

ಇತ್ತ ನೆಲದ ಮೇಲೆ, ಲಂಡನ್ನಿನಲ್ಲಿ 1812ರಲ್ಲಿಯೇ ಕಲ್ಲಿದ್ದಲನ್ನು ಕಾಯಿಸಿ ತೆಗೆದ ಅನಿಲವನ್ನು ಕೊಳವೆಗಳಲ್ಲಿ ಹರಿಸುವ ಸಂಸ್ಥೆಯೊಂದು ಹುಟ್ಟಿಕೊಂಡಿತ್ತು. ಕೊಳವೆ ಬಂದಲ್ಲಿ ಸೋರಿಕೆ ಬರಲೇಬೇಕು. ಆದರೆ ಆ ಅನಿಲಕ್ಕೆ ತನ್ನದೇ ದುರ್ವಾಸನೆಯಿತ್ತು. ಸೋರಿದರೆ ಮೂಗಿಗೆ ತಿಳಿಯುತ್ತಿತ್ತು. ಮೂಗು ತಿಳಿಸಿದ್ದನ್ನು ಕಣ್ಣು ನಂಬದೆ ಇದ್ದುದೇ ತೊಂದರೆ. ಎಲ್ಲಿ ಸೋರುತ್ತಿದೆ ಎಂದು ನೋಡಲು ಮನೆಯವರೂ ಒಮ್ಮೊಮ್ಮೆ ಕೊಳವೆಯ ಕೆಲಸದವರೂ ಮೇಣದ ಬತ್ತಿ ಹಚ್ಚಿಕೊಂಡು ಬರುತ್ತಿದ್ದರು. ಸಣ್ಣ ಸೋರಿಕೆಯಾದರೆ ಕೊಳವೆಯ ಕೀಲಿನಲ್ಲಿ ಚಿಕ್ಕ ಜ್ವಾಲೆ ಹೊತ್ತಿಕೊಂಡು ಜಾಗವನ್ನು ತೋರಿಸುತ್ತಿತ್ತು. ಹತ್ತು ಸಲ ಹೀಗೆ ಗೆದ್ದವನಿಗೆ ಹನ್ನೊಂದನೆಯ ಸಲದ ಭಯವಿರುವುದಿಲ್ಲ.

ಇಲ್ಲಿ ನಮ್ಮ ನಾಡಿನ ಒಂದು ಮಾತು. ಕಲ್ಕತ್ತೆ, ಮುಂಬಯಿಗಳ ಬೀದಿಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಅನಿಲದೀಪಗಳು ಉರಿದವು. ಬೆಂಗಳೂರು ಆ ಮೆಟ್ಟಿಲನ್ನು ಹತ್ತಲೇ ಇಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಗಣಿಗಳಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ಬಂದಿತು. ಎಣ್ಣೆಯ ದೀಪದಿಂದ ನೇರವಾಗಿ ವಿದ್ಯುದ್ದೀಪಕ್ಕೆ ನಾವು ಹಾರಿದೆವು. ಹೀಗಾಗಿ ನಮ್ಮ ಅಡುಗೆಮನೆಗಳಲ್ಲಿ ಗ್ಯಾಸ್ ಎಂಬ ಮಾತು ಕೇಳಿಬಂದದ್ದು ಸಿಲಿಂಡರಿನೊಂದಿಗೇ. ಹಳೆಯ ಕೊಳವೆಯ ಅನಿಲ ಕಲಿಸಿದ ಪಾಠಗಳು ನಮ್ಮ ಹಿರಿಯರಿಗೆ ಸಿಕ್ಕಿರಲಿಲ್ಲ.

ಸಿಲಿಂಡರಿನ ಅನಿಲದ ಹುಟ್ಟು ಒಂದು ಮೋಜಿನ ದೂರಿನಿಂದ ಆದದ್ದು. 1910ರ ಸುಮಾರಿಗೆ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಮೋಟಾರಿನ ಯಜಮಾನನೊಬ್ಬನು, ತಾನು ಕೊಂಡ ಪೆಟ್ರೋಲಿನಲ್ಲಿ ಅರ್ಧದಷ್ಟು ಮನೆ ಸೇರುವುದರೊಳಗಾಗಿ ಮಾಯವಾಗುತ್ತಿದೆ, ಇದು ಮೋಸ ಎಂದು ದೂರಿದನಂತೆ. ಅಲ್ಲಿಯ ಸರ್ಕಾರಿ ಗಣಿ ಇಲಾಖೆಯಲ್ಲಿದ್ದ ವಾಲ್ಟರ್ ಸ್ನೆಲ್ಲಿಂಗ್ ಎಂಬ ರಸಾಯನಶಾಸ್ತ್ರಜ್ಞರು ಆ ಪೆಟ್ರೋಲನ್ನು ಗಾಜಿನ ಪಾತ್ರೆಗೆ ತುಂಬಿಕೊಂಡು ಹೊರಟರೆ, ಒಳಗಿನಿಂದ ಏಳುವ ಆವಿ ಬಿರಡೆಯನ್ನು ಮತ್ತೆ ಮತ್ತೆ ಎತ್ತಿ ಎಸೆಯುತ್ತಿತ್ತು. ಆ ಆವಿಯಲ್ಲಿ ಪ್ರೊಪೇನ್, ಬ್ಯೂಟೇನ್ ಎಂಬ ಅನಿಲಗಳಿದ್ದವು. ಇವನ್ನು ಒತ್ತಡದಲ್ಲಿಟ್ಟು ದ್ರವವಾಗಿ ಶೇಖರಿಸಬಹುದೆಂದು ಅವರು ಕಂಡುಕೊಂಡರು. 1913ರಲ್ಲಿ ಅದಕ್ಕೆ ಪೇಟೆಂಟೂ ದೊರೆಯಿತು. ಒಂದು ಲೀಟರು ದ್ರವ ಹೊರಗೆ ಬಂದರೆ ಸುಮಾರು ಇನ್ನೂರೈವತ್ತು ಲೀಟರಿನಷ್ಟು ಅನಿಲ. ಮನೆಯ ಒಲೆಯನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ಕಾಲ ಬಂದಿತು.

ಎಲ್ಲಿಗೆ ಬೇಕಾದರೂ ಒಯ್ಯುವ ಜನರೂ ಸಿದ್ಧರಾಗಿದ್ದರು. 1885ರಲ್ಲಿ, ನೌಕಾಪಡೆಯಲ್ಲಿ ವೈದ್ಯರಾಗಿದ್ದ ಗಾರ್ಡನ್ ಸ್ಟೇಬಲ್ಸ್ ಎಂಬವರು ಬ್ರಿಸ್ಟಲ್ಲಿನಲ್ಲಿ ಕುದುರೆಗಳು ಎಳೆಯುವ ಒಂದು ಮನೆಯನ್ನು ಕಟ್ಟಿಸಿಕೊಂಡು, ಅದಕ್ಕೆ ಅಲೆಮಾರಿ ಎಂಬ ಅರ್ಥದ ಹೆಸರಿಟ್ಟು, ಬ್ರಿಟನ್ನಿನ ಉದ್ದಕ್ಕೂ ವಿಹಾರ ಹೊರಟಿದ್ದರು. ಹೊಟ್ಟೆಪಾಡಿಗಲ್ಲದೆ ಸಂತೋಷಕ್ಕಾಗಿ ಗಾಲಿಮನೆಯಲ್ಲಿ ವಾಸಿಸಿದವರಲ್ಲಿ ಅವರು ಮೊದಲಿಗರೆಂದು ಎಣಿಸುತ್ತಾರೆ. 1907ರಲ್ಲಿ ಇಂಥವರದೊಂದು ಕ್ಲಬ್ಬೇ ಆಯಿತು. ಕುದುರೆ ಹೋಗಿ ಮೋಟಾರು ಬಂದಿತು. 1935ರಲ್ಲಿ ಬ್ರಿಟನ್ನಿನಲ್ಲಿ ಕ್ಯಾಲರ್ ಎಂಬ ಹೆಸರಿನಲ್ಲಿ ಬ್ಯೂಟೇನ್ ಸಿಲಿಂಡರುಗಳ ಮಾರಾಟ ಶುರುವಾಯಿತು. 1951ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾ ಎಂಬ ಕಾರ್ಖಾನೆ ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ಮಂಚ, ಬೀರುಗಳನ್ನು ಜೋಡಿಸಿ ಕೊಡತೊಡಗಿತು. ಹೀಗೆ ಮನೆ, ಎಂಜಿನ್ನು, ಅನಿಲ ಈ ಮೂರೂ ಒಂದೇ ತಗಡಿನ ಚಿಪ್ಪಿನೊಳಗೆ ಸೇರಿಕೊಂಡವು.

ಗಣಿಯಲ್ಲಿ ಕಲಿತ ಪಾಠ ಇಲ್ಲಿ ತಲೆಕೆಳಗಾಯಿತೆಂಬುದನ್ನು ದಯವಿಟ್ಟು ಗಮನಿಸಬೇಕು. ಮೀಥೇನ್ ಮೇಲೇರುತ್ತದೆ, ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬ್ಯೂಟೇನ್ ಎರಡು ಪಟ್ಟು ಭಾರ. ಇವು ಸೋರಿದರೆ ನೀರಿನಂತೆ ಕೆಳಕ್ಕಿಳಿದು, ನೆಲದ ಮೇಲೆ ಹರಡಿ, ಮಂಚದ ಕೆಳಗೆ, ಪೆಟ್ಟಿಗೆಗಳ ಸಂದಿಯಲ್ಲಿ ಮಡುಗಟ್ಟುತ್ತವೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಬೆರೆತರೆ ಸಾಕು, ಹೊತ್ತಿಕೊಳ್ಳುತ್ತವೆ. ಮೇಲಿನ ಕಿಟಕಿಯನ್ನು ತೆರೆದಿಟ್ಟೆನಲ್ಲ ಎಂದು ಸಮಾಧಾನಪಡುವವನ ಕಾಲ ಬುಡದಲ್ಲಿ ಅದು ನಿಂತಿರುತ್ತದೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಇದು ಇನ್ನೊಂದು ಅರ್ಥ.

ಈ ಅನಿಲಗಳಿಗೂ ಸ್ವಂತದ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ವಾಸನೆಯಿಲ್ಲದ ಅನಿಲಕ್ಕೆ ವಾಸನೆ ಬೆರೆಸಲೇಬೇಕೆಂಬ ಕಾನೂನಿಗಾಗಿ ಲೋಕವು ತೆತ್ತ ಬೆಲೆಯನ್ನು ಹೇಳದೆ ಮುಂದೆ ಹೋಗಲಾರೆ.

ಅಮೆರಿಕದ ಟೆಕ್ಸಾಸ್ ಪ್ರಾಂತದ ಪೂರ್ವಭಾಗದಲ್ಲಿ ನ್ಯೂ ಲಂಡನ್ ಎಂಬ ಊರು. 1930ರ ಸುಮಾರಿಗೆ ಅಲ್ಲಿ ಎಣ್ಣೆ ಸಿಕ್ಕಿತು. ಇಡೀ ದೇಶ ಬಡತನದಲ್ಲಿ ಬೇಯುತ್ತಿದ್ದಾಗ ಆ ಊರಿಗೆ ಹಣ ಹರಿಯಿತು. ಉಕ್ಕು ಕಾಂಕ್ರೀಟುಗಳ ದೊಡ್ಡ ಶಾಲೆಯನ್ನು ಕಟ್ಟಿದರು. ಕೊಠಡಿಗಳನ್ನು ಬೆಚ್ಚಗಿಡಲು ಅನಿಲದ ಒಲೆಗಳು. 1937ರ ಆರಂಭದಲ್ಲಿ ಶಾಲೆಯ ಆಡಳಿತದವರು, ದುಡ್ಡು ಕೊಟ್ಟು ಕೊಳ್ಳುತ್ತಿದ್ದ ಅನಿಲವನ್ನು ನಿಲ್ಲಿಸಿ, ಎಣ್ಣೆ ಬಾವಿಗಳ ಕಡೆಯಿಂದ ಬರುತ್ತಿದ್ದ, ಬೇಡವೆಂದು ಸುಟ್ಟುಹಾಕುತ್ತಿದ್ದ ಉಳಿಕೆ ಅನಿಲದ ಕೊಳವೆಗೆ ಸಂಪರ್ಕ ಮಾಡಿಸಿಕೊಂಡರು. ಆ ಪ್ರದೇಶದಲ್ಲಿ ಮನೆಗಳೂ ಚರ್ಚುಗಳೂ ಹಾಗೆಯೇ ಮಾಡುತ್ತಿದ್ದವು. ತಿಂಗಳಿಗೆ ಮುನ್ನೂರು ಡಾಲರಿನಷ್ಟು ಉಳಿತಾಯ. ಎಲ್ಲಿಯೋ ಒಂದು ಕೀಲು ಸೋರಿತು. ಕಟ್ಟಡದ ತಳದಲ್ಲಿದ್ದ ಟೊಳ್ಳು ಜಾಗದಲ್ಲಿ ಅನಿಲ ತುಂಬಿಕೊಂಡಿತು. ಮಕ್ಕಳು ತಲೆನೋವೆಂದು ಹೇಳುತ್ತಿದ್ದರಂತೆ. ಮಕ್ಕಳ ತಲೆನೋವಿಗೆ ಯಾರು ಕಟ್ಟಡವನ್ನು ಅಗೆದು ನೋಡುತ್ತಾರೆ? ಮಾರ್ಚ್ 18ರ ಮಧ್ಯಾಹ್ನ ಮೂರು ಗಂಟೆ ದಾಟಿತ್ತು. ಮರಗೆಲಸದ ಕೊಠಡಿಯಲ್ಲಿ ಉಜ್ಜುವ ಯಂತ್ರವೊಂದರ ಗುಂಡಿಯನ್ನು ಒತ್ತಿದರು. ಆ ಕಿಡಿ ಸಾಕಾಯಿತು. ಕಟ್ಟಡ ಮೇಲಕ್ಕೆದ್ದು ಕುಸಿಯಿತು. ಸುಮಾರು ಮುನ್ನೂರು ಮಂದಿ ಸತ್ತರು, ಬಹುಪಾಲು ಮಕ್ಕಳು.

ಮೂಗಿಗೆ ತಿಳಿದಿದ್ದರೆ ಆ ಮಕ್ಕಳು ಬದುಕುತ್ತಿದ್ದರು ಎಂಬ ಮಾತು ಎಲ್ಲರ ಬಾಯಲ್ಲಿ ಬಂದಿತು. ಅದೇ ವರ್ಷ ಟೆಕ್ಸಾಸಿನ ಶಾಸನಸಭೆ, ಅನಿಲಕ್ಕೆ ದುರ್ವಾಸನೆ ಬೆರೆಸಬೇಕೆಂದು ಕಾನೂನು ಮಾಡಿತು. ಬೇರೆಡೆಗಳಲ್ಲಿಯೂ ಆ ಪದ್ಧತಿ ಹರಡಿತು. ಬೆರೆಸಿದ್ದು ಮರ್ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತ. ಡೆನ್ಮಾರ್ಕಿನ ಜೈಸೆ ಎಂಬ ರಸಾಯನಶಾಸ್ತ್ರಜ್ಞರು 1834ರಲ್ಲಿಯೇ ಅದನ್ನು ಕಂಡುಹಿಡಿದಿದ್ದರು. ಪಾದರಸವನ್ನು ಹಿಡಿದುಕೊಳ್ಳುವುದು ಎಂದು ಆ ಹೆಸರಿನ ಅರ್ಥ. ಕೊಳೆತ ಈರುಳ್ಳಿ, ಕೊಳೆತ ಎಲೆಕೋಸಿನ ನಾತ ಅದಕ್ಕೆ. ನೂರು ಕೋಟಿಗೊಂದು ಪಾಲಿದ್ದರೂ ಮೂಗಿಗೆ ಹತ್ತುತ್ತದೆ. ನಮ್ಮ ಅಡುಗೆಮನೆಯಲ್ಲಿ ಗ್ಯಾಸಿನ ವಾಸನೆ ಎಂದು ನಾವು ಕರೆಯುವುದು ಗ್ಯಾಸಿನದಲ್ಲ. ಅದು ಮನುಷ್ಯನು ಬೇಕೆಂದೇ ಕಟ್ಟಿದ ಗಂಟೆ, ಬೆಕ್ಕಿನ ಕೊರಳಿನ ಗಂಟೆ.

ಈ ಗಂಟೆ ಮನುಷ್ಯರಿಗೆ ಮಾತ್ರ ಕೇಳಿಸಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅನಿಲದ ಉದ್ದನೆಯ ಕೊಳವೆಗಳನ್ನು ಕಾಯುತ್ತಿದ್ದ ಎಂಜಿನಿಯರುಗಳು, ವಾಸನೆ ಬೆರೆಸಿದ ಮೇಲೆ ಒಂದು ವಿಚಿತ್ರವನ್ನು ಕಂಡರು. ಎಲ್ಲಿ ಕೊಳವೆ ಸೋರುತ್ತದೆಯೋ ಅಲ್ಲಿ ಆಕಾಶದಲ್ಲಿ ರಣಹದ್ದುಗಳು ಸುತ್ತುತ್ತಿದ್ದವು. ಕೊಳೆಯುವ ಹೆಣದಿಂದಲೂ ಇದೇ ವಸ್ತು ಹೊರಬರುತ್ತದೆ. ಹಕ್ಕಿಗಳು ಊಟವಿದೆಯೆಂದು ಬಂದಿದ್ದವು. ಕೆನತ್ ಸ್ಟೇಗರ್ ಎಂಬ ಪಕ್ಷಿಶಾಸ್ತ್ರಜ್ಞರು ಈ ಸುಳಿವನ್ನು ಹಿಡಿದು, ಟರ್ಕಿ ರಣಹದ್ದು ಆಹಾರವನ್ನು ಹುಡುಕುವುದು ಕಣ್ಣಿನಿಂದಲೋ ಮೂಗಿನಿಂದಲೋ ಎಂಬ ಹಳೆಯ ವಾದಕ್ಕೆ 1964ರಲ್ಲಿ ಉತ್ತರ ಬರೆದರು. ಗಣಿಯೊಳಗೆ ಹಕ್ಕಿ ಸತ್ತು ಎಚ್ಚರಿಸಿತು. ಇಲ್ಲಿ ಹಸಿದು ಎಚ್ಚರಿಸಿತು.

ವಾಸನೆಯೊಂದರಿಂದಲೇ ಎಲ್ಲವೂ ಸರಿಹೋಯಿತೇ? ಇಲ್ಲ. 1968ರ ಮೇ 16ರ ಬೆಳಗಿನ ಜಾವ ಲಂಡನ್ನಿನ ಪೂರ್ವಭಾಗದಲ್ಲಿ, ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಹೊಸ ಕಟ್ಟಡದ ಹದಿನೆಂಟನೆಯ ಅಂತಸ್ತಿನಲ್ಲಿ ಒಬ್ಬ ಹೆಂಗಸು ಚಹಕ್ಕೆ ನೀರಿಡಲು ಕಡ್ಡಿ ಗೀರಿದರು. ಕಟ್ಟಡದ ಒಂದು ಮೂಲೆ ಮೇಲಿಂದ ಕೆಳಗಿನವರೆಗೆ ಇಸ್ಪೀಟಿನ ಎಲೆಗಳಂತೆ ಉದುರಿತು. ನಾಲ್ವರು ಸತ್ತರು, ಕಡ್ಡಿ ಗೀರಿದಾಕೆ ಬದುಕಿದರು. ಕಟ್ಟಡ ಏಕೆ ಹಾಗೆ ಕುಸಿಯಿತೆಂಬುದನ್ನು ಎಂಜಿನಿಯರುಗಳು ಇಂದಿಗೂ ಪಾಠವಾಗಿ ಓದುತ್ತಾರೆ. ನನ್ನ ಗಮನವೆಲ್ಲ ವಿಚಾರಣಾ ಸಮಿತಿ ಕಂಡ ಇನ್ನೊಂದು ಸಂಗತಿಯ ಮೇಲೆ. ಒಲೆಗೆ ಅನಿಲದ ಕೊಳವೆಯನ್ನು ಜೋಡಿಸಿದ್ದ ಹಿತ್ತಾಳೆಯ ನಟ್ಟೊಂದು ಕಳಪೆಯದಾಗಿದ್ದು, ಒಡೆದುಹೋಗಿತ್ತು. ಅಂಗೈಯಲ್ಲಿ ಅಡಗುವ ಒಂದು ನಟ್ಟು.

ಎಲ್ಲ ಸೋರಿಕೆಯೂ ಹೀಗೆ ಯಾವುದೋ ಒಂದು ನಟ್ಟಿನಲ್ಲಿ, ಒಂದು ವಾಷರಿನಲ್ಲಿ, ಬಿರಿದ ರಬ್ಬರ್ ಕೊಳವೆಯಲ್ಲಿ ಇರುತ್ತದೆ. ನಿಂತ ಮನೆಯ ನಟ್ಟು ನಿಂತಲ್ಲಿಯೇ ಇರುತ್ತದೆ. ಗಾಲಿಮನೆಯ ನಟ್ಟಾದರೋ ದಿನವೂ ಹತ್ತಾರು ಮೈಲಿ ಅಲುಗಾಡುತ್ತದೆ. ಭೂಕಂಪದ ನಾಡಿನಲ್ಲಿ ಕಟ್ಟಿದ ಅಡುಗೆಮನೆ ಅದು. ಆದ್ದರಿಂದ ಸೋರಿಕೆಯನ್ನು ಹುಡುಕುವ ಕಲೆ ಅಲ್ಲಿ ಅತ್ಯಂತ ನಯವಾಗಿ ಬೆಳೆದಿದೆ.

ಇದನ್ನು ನಾನು ಕಣ್ಣಾರೆ ಕಂಡದ್ದು ಸ್ಕಾಟ್‌ಲೆಂಡಿನಲ್ಲಿ. ಅಲ್ಲಿ ನೆಲಸಿರುವ ನನ್ನ ತಂಗಿಯ ಮಗ ನಾಲ್ಕು ದಿನಗಳ ಪ್ರವಾಸಕ್ಕೆ ಕ್ಯಾಂಪರ್ ವ್ಯಾನ್ ಒಂದನ್ನು ಬಾಡಿಗೆಗೆ ಹಿಡಿದಿದ್ದನು. ಅದರ ಯಜಮಾನರು ವಯಸ್ಸಾದವರು, ಮಾತು ಕಡಿಮೆ. ಬೀಗದ ಕೈ ಕೊಡುವ ಮೊದಲು, ಅನಿಲದ ಪರೀಕ್ಷೆಯನ್ನು ನೋಡಿಯೇ ಹೋಗಬೇಕೆಂದರು. ಹುಡುಗನಿಗೆ ಹೊರಡುವ ಆತುರ. "ಮಾವ, ಇದೆಲ್ಲ ಇಷ್ಟು ವಿಸ್ತಾರವಾಗಿ ಬೇಕೇ?" ಎಂದು ಕನ್ನಡದಲ್ಲಿ ನನ್ನ ಕಿವಿಯಲ್ಲಿ ಹೇಳಿದನು. "ಸ್ವಲ್ಪ ಸುಮ್ಮನಿರಪ್ಪ, ನಾಳೆ ರಾತ್ರಿ ಮಲಗುವವರು ನಾವೇ ತಾನೇ" ಎಂದೆ.

ಯಜಮಾನರು ಮೊದಲು ಬಾಗಿಲು ಕಿಟಕಿಗಳನ್ನೆಲ್ಲ ತೆರೆದರು. ಒಲೆ, ಅನಿಲದಿಂದ ನಡೆಯುವ ಶೀತಕಪೆಟ್ಟಿಗೆ, ನೀರು ಕಾಯಿಸುವ ಸಾಧನ ಎಲ್ಲವನ್ನೂ ಆರಿಸಿ, ಅವುಗಳ ತಿರುಪುಗಳನ್ನು ಮುಚ್ಚಿದರು. ವಿದ್ಯುತ್ತಿನ ಯಾವ ಗುಂಡಿಯನ್ನೂ ಮುಟ್ಟಲಿಲ್ಲ. ತಮ್ಮ ಮೊಬೈಲನ್ನೂ ಪೈಪನ್ನೂ ದೂರದ ಬೆಂಚಿನ ಮೇಲೆ ಇಟ್ಟು ಬಂದಿದ್ದರು. ಆಮೇಲೆ ಹೊರಗಿನಿಂದ ತೆರೆಯುವ ಸಿಲಿಂಡರಿನ ಗೂಡನ್ನು ತೋರಿಸಿದರು. ಗೂಡಿಗೂ ಮಲಗುವ ಜಾಗಕ್ಕೂ ನಡುವೆ ಎಲ್ಲಿಯೂ ಸಂದಿಲ್ಲ. ಗೂಡಿನ ತಳದಲ್ಲಿ ಮಾತ್ರ ಹೊರಕ್ಕೆ ತೂತು. ಸೋರಿದ್ದು ಒಳಗೆ ಬಾರದೆ ರಸ್ತೆಗೆ ಬಿದ್ದುಹೋಗಲಿ ಎಂದು. ರಬ್ಬರ್ ಕೊಳವೆಯನ್ನು ಬಾಗಿಸಿ ಬಿರುಕಿದೆಯೇ ಎಂದು ನೋಡಿ, ಅದರ ಮೇಲೆ ಅಚ್ಚಾಗಿದ್ದ ವರ್ಷವನ್ನು ಓದಿ ಹೇಳಿದರು. ಆ ಬಳಿಕ ಸಿಲಿಂಡರಿನ ತಿರುಪನ್ನು ನಿಧಾನವಾಗಿ ತೆರೆದು, ಬಣ್ಣದ ಕುಂಚದಂಥ ಒಂದು ಕುಂಚವನ್ನು ಸಾಬೂನಿನ ದ್ರವದಲ್ಲಿ ಅದ್ದಿ, ಸಿಲಿಂಡರಿನ ಕಂಠದಿಂದ ಆರಂಭಿಸಿ ಒಂದೊಂದು ಕೀಲಿಗೂ ಸುತ್ತಲೂ ಹಚ್ಚುತ್ತ ಬಂದರು. ಪ್ರತಿಯೊಂದು ಕೀಲಿನ ಮುಂದೆ ಕುಳಿತು ಕಾದರು. ಗುಳ್ಳೆ ಏಳಲಿಲ್ಲ. ಪಾತ್ರೆ ತೊಳೆಯುವ ಸಾಬೂನು ಇದಕ್ಕಾಗದೆಂದೂ, ಅಮೋನಿಯಾ ಇರುವ ದ್ರವ ಹಿತ್ತಾಳೆಯನ್ನು ಒಳಗಿಂದೊಳಗೆ ಬಿರಿಯಿಸುತ್ತದೆಂದೂ ಹೇಳಿ, ಹಚ್ಚಿದ್ದನ್ನೆಲ್ಲ ಒದ್ದೆ ಬಟ್ಟೆಯಿಂದ ಒರಸಿದರು.

ಗೂಡಿನಲ್ಲಿ ಒಂದು ಪುಟ್ಟ ಗಾಜಿನ ಬಟ್ಟಲಿನ ಸಾಧನವೂ ಇತ್ತು. ಮೇಲಿನ ಗುಂಡಿಯನ್ನು ಒತ್ತಿದರೆ ಅನಿಲ ಬಟ್ಟಲಿನ ದ್ರವದ ಮೂಲಕವೇ ಹಾಯಬೇಕು. ಎಲ್ಲ ಒಲೆಗಳೂ ಮುಚ್ಚಿರುವಾಗ ಅದರಲ್ಲಿ ಗುಳ್ಳೆ ಕಂಡರೆ ಮುಂದೆ ಎಲ್ಲಿಯೋ ಸೋರಿಕೆಯಿದೆ ಎಂದರ್ಥ. ದೋಣಿಮನೆಗಳವರಿಗೆ ಇದು ಬಹಳ ಪ್ರಿಯವಾದ ಸಾಧನವಂತೆ. ದೋಣಿಯ ತಳಕ್ಕೆ ತೂತು ಕೊರೆಯಲು ಬರುವುದಿಲ್ಲವಲ್ಲ. ವ್ಯಾನಿನ ತಳಕ್ಕೆ ಬರುತ್ತದೆ. ಒಲೆಯ ಹತ್ತಿರ ನೆಲದಲ್ಲಿ ಬಲೆ ಹೊದಿಸಿದ ತೂತುಗಳಿದ್ದವು. ಯಜಮಾನರು ಮಂಡಿಯೂರಿ, ನೆಲಕ್ಕೆ ಮೂಗು ತಾಗುವಷ್ಟು ಬಗ್ಗಿ ಮೂಸಿ ನೋಡಿದರು. ಆಮೇಲೆ ನಮ್ಮತ್ತ ತಿರುಗಿ, ಚಳಿಯಾಗುತ್ತದೆಂದು ಹಿಂದಿನ ಬಾಡಿಗೆಯವರು ಇವಕ್ಕೆ ಕಾಲುಚೀಲ ತುರುಕಿದ್ದರು, ನೀವು ಹಾಗೆ ಮಾಡಬೇಡಿ ಎಂದರು. ಅವರು ನಕ್ಕದ್ದು ಅದೊಂದೇ ಸಲ.

ಗುಳ್ಳೆ ಬಂದಿದ್ದರೆ? ನಾನು ಕೇಳಿದೆ. ಸಿಲಿಂಡರನ್ನು ಮುಚ್ಚಿ, ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ತೆರೆದಿಟ್ಟು ದೂರ ನಿಲ್ಲಬೇಕು. ಪ್ರಮಾಣಪತ್ರವಿರುವ ಕೆಲಸದವನು ಬಂದು ರಿಪೇರಿ ಮಾಡಿದ ಮೇಲೆಯೇ ಒಲೆ ಹಚ್ಚಬೇಕು ಎಂದರು. ತಾವೇ ಸ್ಪ್ಯಾನರ್ ಹಿಡಿಯುವುದಿಲ್ಲವೇ? ಇಲ್ಲ, ಹುಡುಕುವುದು ತಮ್ಮ ಕೆಲಸ, ಬಿಗಿಯುವುದು ಅವನ ಕೆಲಸ. ಅತಿಯಾಗಿ ಬಿಗಿದರೂ ನಟ್ಟು ಒಡೆಯುತ್ತದೆ. ನನಗೆ ರೋನನ್ ಪಾಯಿಂಟ್ ನೆನಪಾಯಿತು.

ನಮ್ಮ ದೇಶದಲ್ಲಿ ಮನೆಬಳಕೆಯ ಸಿಲಿಂಡರು 1955ರಲ್ಲಿ ಮುಂಬಯಿಯಲ್ಲಿ ಕಾಲಿಟ್ಟಿತು. 1965ರ ಅಕ್ಟೋಬರಿನಲ್ಲಿ ಇಂಡೇನ್ ಕಲ್ಕತ್ತೆಯಲ್ಲಿ ಆರಂಭವಾಯಿತು. ಇಂದು ಹಳ್ಳಿಹಳ್ಳಿಯ ಅಡುಗೆಮನೆಯಲ್ಲಿಯೂ 14.2 ಕಿಲೋ ಅನಿಲ ತುಂಬಿದ ಆ ಕೆಂಪು ಸಿಲಿಂಡರು ಕುಳಿತಿದೆ. ಅದನ್ನು ತಂದುಕೊಡುವ ಹುಡುಗನು ಮುಚ್ಚಳ ತೆಗೆದು ವಾಲ್ವಿನ ಬಾಯಿಗೆ ನಾಲ್ಕು ಹನಿ ನೀರು ಬಿಟ್ಟು ಗುಳ್ಳೆ ನೋಡುವುದನ್ನು ನೀವೂ ಕಂಡಿದ್ದೀರಿ. ಸ್ಕಾಟ್‌ಲೆಂಡಿನ ಆ ಕುಂಚದ ಬಂಧು ಅದು. ಆದರೆ ಅದೇ ಅಡುಗೆಮನೆಯಲ್ಲಿ ಕಡ್ಡಿ ಗೀರಿ ಕೊಳವೆಯ ಬುಡಕ್ಕೆ ಹಿಡಿದು ನೋಡುವ ಧೀರರನ್ನೂ ಕಂಡಿದ್ದೇನೆ. ಅದಕ್ಕಿಂತ ಸಾಮಾನ್ಯವಾದದ್ದು ಇನ್ನೊಂದು. ನಡುರಾತ್ರಿ ವಾಸನೆ ಬಂದು ಎಚ್ಚರವಾಗುತ್ತದೆ. ಅಡುಗೆಮನೆಗೆ ಬಂದವನ ಕೈ ತಾನಾಗಿ ದೀಪದ ಗುಂಡಿಗೆ ಹೋಗುತ್ತದೆ. ಗುಂಡಿಯೊಳಗಿನ ಕಿಡಿ ಕಣ್ಣಿಗೆ ಕಾಣದು, ಅನಿಲಕ್ಕೆ ಕಾಣುತ್ತದೆ. ಟೆಕ್ಸಾಸಿನ ಶಾಲೆಯಲ್ಲಿ ಒತ್ತಿದ್ದೂ ಒಂದು ಗುಂಡಿಯೇ. ಕತ್ತಲಲ್ಲಿಯೇ ತಡವಿ ರೆಗ್ಯುಲೇಟರನ್ನು ಮುಚ್ಚಬೇಕು, ಕತ್ತಲಲ್ಲಿಯೇ ಬಾಗಿಲು ತೆರೆಯಬೇಕು, ಹೊರಗೆ ಬಂದ ಮೇಲೆ 1906 ಎಂಬ ಸಂಖ್ಯೆಗೆ ಫೋನು ಮಾಡಬೇಕು. ಫ್ಯಾನು ಹಾಕಿದರೆ ವಾಸನೆ ಹೋಗುತ್ತದೆಂದು ಹೇಳುವವರ ಮಾತಿಗೆ ಕಿವಿಗೊಡಬಾರದು.

ಮೂಗನ್ನಾದರೂ ಎಷ್ಟು ನಂಬುವುದು? ಒಂದೇ ವಾಸನೆಯಲ್ಲಿ ಹೆಚ್ಚು ಹೊತ್ತು ಇದ್ದರೆ ಮೂಗು ದಣಿದು ಸುಮ್ಮನಾಗುತ್ತದೆ. ವಯಸ್ಸಾದಂತೆ ಮಂದವಾಗುತ್ತದೆ. ಮಲಗಿದವನಿಗೆ ವಾಸನೆಯಿಂದ ಎಚ್ಚರವಾಗಲೇಬೇಕೆಂದಿಲ್ಲ. ಹೊಸ ಸಿಲಿಂಡರಿನೊಳಗಿನ ತುಕ್ಕು ಮರ್ಕ್ಯಾಪ್ಟನ್ನನ್ನು ತಿಂದುಹಾಕುವುದೂ ಉಂಟು. 2020ರ ಮಹಾಮಾರಿಯಲ್ಲಿ ಲೋಕದಾದ್ಯಂತ ಅಸಂಖ್ಯ ಜನರು ಕೆಲಕಾಲ, ಕೆಲವರು ಬಹುಕಾಲ, ವಾಸನೆಯ ಶಕ್ತಿಯನ್ನೇ ಕಳೆದುಕೊಂಡರು. ಮಲ್ಲಿಗೆಯ ಕಂಪು ಹೋಯಿತೆಂದು ನನ್ನ ಪರಿಚಯದ ಒಬ್ಬ ತಾಯಿ ಕೊರಗುತ್ತಿದ್ದರು. ಅಡುಗೆಮನೆಯ ಆ ನಾತವೂ ಹೋಗಿದೆಯೆಂಬುದು ಅವರಿಗೆ ತಿಳಿದದ್ದು, ಸೊಸೆ ಹೊರಗಿನಿಂದ ಓಡಿಬಂದು ಸಿಲಿಂಡರು ಮುಚ್ಚಿದ ದಿನ.

ಮೂಗಿನ ಈ ಕೊರತೆಯನ್ನು ತುಂಬಿದವರಲ್ಲಿ ಜಪಾನಿನ ನಾವೊಯೋಶಿ ತಗುಚಿಯವರನ್ನು ನೆನೆಯಬೇಕು. ಯುದ್ಧಾನಂತರದ ಜಪಾನಿನಲ್ಲಿ ಮನೆಮನೆಗೆ ಪ್ರೊಪೇನ್ ಬಂದು, ಸ್ಫೋಟಗಳೂ ಬಂದಿದ್ದವು. ತವರದ ಆಕ್ಸೈಡನ್ನು ಕಾಯಿಸಿದರೆ ಅದರಲ್ಲಿ ವಿದ್ಯುತ್ತು ಹರಿಯುವ ರೀತಿ ಅನಿಲ ತಾಗಿದೊಡನೆ ಬದಲಾಗುತ್ತದೆ. ಈ ಗುಣವನ್ನು ಹಿಡಿದು ಅವರು 1962ರಲ್ಲಿ ಒಂದು ಸಾಧನಕ್ಕೆ ಪೇಟೆಂಟು ಬೇಡಿದರು. ಆ ವಂಶದ ಪುಟ್ಟ ಪೆಟ್ಟಿಗೆ ಇಂದು ಲಕ್ಷಾಂತರ ಮನೆಗಳಲ್ಲಿಯೂ ಗಾಲಿಮನೆಗಳಲ್ಲಿಯೂ ಕುಳಿತು, ನಿದ್ರಿಸುವವರ ಪರವಾಗಿ ಮೂಸುತ್ತಿರುತ್ತದೆ.

ನಾವು ಹಿಡಿದ ವ್ಯಾನಿನಲ್ಲಿ ಅಂಥವು ಎರಡಿದ್ದವು. ಪ್ರೊಪೇನಿನದು ನೆಲದಿಂದ ಗೇಣೆತ್ತರದಲ್ಲಿ. ಅರೆಬರೆ ಉರಿದ ಒಲೆಯಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಿನದು ಮಲಗಿದವನ ತಲೆಯ ಮಟ್ಟದಲ್ಲಿ. ಸಾಬೂನಿನ ಗುಳ್ಳೆಗೆ ಆ ಎರಡನೆಯದು ಸಿಕ್ಕುವುದಿಲ್ಲ, ಮೂಗಿಗೂ ಸಿಕ್ಕುವುದಿಲ್ಲ. ಹಾಲ್ಡೇನರ ಕೆನರಿಯ ಜಾಗದಲ್ಲಿ ಅಲ್ಲಿ ಒಂದು ಹಸಿರು ದೀಪ ಮಿಣುಕುತ್ತಿತ್ತು. ಎರಡರ ಬೆನ್ನಿಗೂ, ಇಂಥ ವರ್ಷದ ಮೇಲೆ ಇದನ್ನು ನಂಬಬೇಡಿ ಎಂದು ತಾರೀಖು ಬರೆದ ಚೀಟಿಯನ್ನು ಯಜಮಾನರು ತಮ್ಮ ಕೈಯಾರೆ ಅಂಟಿಸಿದ್ದರು.